ಇಬ್ಬರ ಕೋಟು

ಆ ವರ್ಷ ಮೋಡ ಕಂಡರೆ ಡ್ರೈವರನ ಎದೆ ಡವಗುಟ್ಟುತ್ತಿತ್ತು.

ಹಿಂದೆಲ್ಲ ಹೀಗಿರಲಿಲ್ಲ. ಊರಿಗೆಲ್ಲ ಮಳೆಯೆಂದರೆ ಕೆಸರು, ತಡವಾದ ಬಸ್ಸು, ಒಣಗದ ಬಟ್ಟೆ. ಅವನೊಬ್ಬನಿಗೆ ಮಾತ್ರ ವರ್ಷವಿಡೀ ದಾರಿ ಕಾದ ನೆಂಟರು ಬಂದಷ್ಟು ಸಂಭ್ರಮ. ನಗರದ ಬಸ್ಸಿನ ಸ್ಟೀರಿಂಗ್ ಹಿಡಿದುಕೊಂಡೇ ಗಾಜಿನಾಚೆ ಆಕಾಶದ ಅಂಚು ನೋಡುತ್ತಿದ್ದ. ಇದು ತುಂತುರಿನ ಮೋಡವೋ ಜಡಿಮಳೆಯದೋ, ಇದಕ್ಕೆ ಮೇಣದ ಕೋಟೋ ರಬ್ಬರ್ ಕೋಟೋ ಎಂದು ಮನಸ್ಸಿನಲ್ಲೇ ತೂಗುತ್ತಿದ್ದ. ಈ ಸಲ ಮಾತ್ರ ಪಡುವಣದಲ್ಲಿ ಚೂರು ಕಪ್ಪಾದರೂ ಸಾಕು, "ಇನ್ನೆರಡು ದಿನ ತಡಿ ಮಾರಾಯ" ಎಂದು ಗೊಣಗುತ್ತಿದ್ದ. ಮುಂದಿನ ಸೀಟಿನವರು ಸಿಗ್ನಲ್ ದೀಪಕ್ಕೆ ಹೇಳುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು.

ಮೊದಲ ಮಳೆಯ ದಿನ ಒಂದು ಕೋಟು ಅವನ ಬೀರುವಿನಿಂದ ಹೊರಟು ಗೆಳೆಯ ಟೈಲರನ ಮೈಮೇಲೆ ಏರಬೇಕಿತ್ತು. ಆ ಕೋಟು ಅಂದು ಹೇಗೆ ಕೂರುತ್ತದೋ ಅದನ್ನು ನೋಡಿ ಟೈಲರ್ ಆಪರೇಷನ್ನಿಗೆ ಒಪ್ಪುವುದೋ ಬಿಡುವುದೋ ಎಂದು ತೀರ್ಮಾನಿಸಲಿದ್ದ. ಒಪ್ಪದಿದ್ದರೆ ಮುಂದಿನ ಮಳೆಗಾಲ ಅವನಿಗಿಲ್ಲ ಎಂದು ಡಾಕ್ಟರು ಸುತ್ತಿ ಬಳಸದೆ ಹೇಳಿದ್ದರು.

ಕೋಟಿನ ಹುಚ್ಚು ಡ್ರೈವರನಿಗೆ ಹಿಡಿದದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಡಿಪೋದವರು ಕೊಟ್ಟ ಪ್ಲಾಸ್ಟಿಕ್ ಮಳೆಯಂಗಿಯೊಳಗೆ ಹೊರಗಿನದಕ್ಕಿಂತ ಜೋರಾಗಿ ಬೆವರಿನ ಮಳೆ ಸುರಿಯುತ್ತಿತ್ತು. ಒಂದು ಭಾನುವಾರ ಹೊಳೆದಂಡೆಯ ಹಳೆ ಬಟ್ಟೆ ಬಜಾರಿನಲ್ಲಿ, ಹಡಗಿನಲ್ಲಿ ಬಂದ ಮೂಟೆಗಳನ್ನು ಬಿಚ್ಚಿ ಸುರಿದ ರಾಶಿಯಿಂದ, ಎಣ್ಣೆವಾಸನೆಯ ಒಂದು ಹಸಿರು ಕೋಟು ಎಳೆದ. ಕೊರಳಪಟ್ಟಿಗೆ ಗೆರೆಗೆರೆಯ ಕಾರ್ಡುರಾಯ್ ಬಟ್ಟೆ, ಒಳಗೆ ಚೌಕಳಿ ಬಟ್ಟೆ, ಮೈಯೆಲ್ಲ ಮೇಣ. ಅಂದು ಮನೆಗೆ ಬರುವ ದಾರಿಯಲ್ಲಿ ಮಳೆ ಹಿಡಿಯಿತು. ಜನವೆಲ್ಲ ಅಂಗಡಿಗಳ ಸೂರಿನಡಿ ಒತ್ತಿಕೊಂಡು ನಿಂತಿದ್ದಾಗ ಅವನು ರಸ್ತೆಯ ನಡುವೆ, ನಿಧಾನವಾಗಿ, ಯಾರಿಗೂ ಹೆದರದವನ ಹಾಗೆ ನಡೆದು ಬಂದ. ಮಳೆಯಲ್ಲಿ ನಡೆಯುವುದಕ್ಕೂ ಒಂದು ಮರ್ಯಾದೆಯಿದೆ ಎಂದು ಅವನಿಗೆ ಅವತ್ತು ಅನ್ನಿಸಿತು. ಆಮೇಲೆ ಬಿಡಲಿಲ್ಲ.

ಒಂದೊಂದನ್ನೂ ಕೆಡಿಸಿಯೇ ಕಲಿತ. ಮೇಣದ ಕೋಟಿಗೆ ಇಸ್ತ್ರಿ ಇಟ್ಟು ಇಸ್ತ್ರಿಪೆಟ್ಟಿಗೆ, ಮೇಜು, ಹೆಂಡತಿಯ ಮುಖ ಮೂರನ್ನೂ ಹಾಳುಮಾಡಿದ. ರಬ್ಬರ್ ಒಳಪದರದ ಕೋಟನ್ನು ಮಡಚಿಟ್ಟು, ಬೇಸಗೆ ಕಳೆದು ಬಿಚ್ಚಿದಾಗ ಅದು ಹಪ್ಪಳದಂತೆ ಮುರಿಯಿತು. ಕ್ರಮೇಣ ತಿಳಿಯಿತು: ಮೇಣದ್ದಕ್ಕೆ ವರ್ಷಕ್ಕೊಮ್ಮೆ ಬೆಚ್ಚಗಿನ ಮೇಣ, ರಬ್ಬರಿನದ್ದಕ್ಕೆ ಪೌಡರು, ಒತ್ತಾಗಿ ನೇಯ್ದ ಗ್ಯಾಬರ್ಡಿನ್ ಬಟ್ಟೆಗೆ ಬ್ರಷ್ಷಷ್ಟೇ, ಸೋಪು ತಾಗಿಸಬಾರದು. ಬೆಲ್ಟುಗಳನ್ನು ಕೋಟಿನಲ್ಲೇ ಬಿಟ್ಟರೆ ಭಾರಕ್ಕೆ ಅದನ್ನು ತೂರಿಸುವ ಪಟ್ಟಿ ಹರಿಯುತ್ತದೆ; ಆದ್ದರಿಂದ ಸುರುಳಿ ಸುತ್ತಿ ಬೇರೆ ಡಬ್ಬಿಯಲ್ಲಿಡಬೇಕು. ಒಳಗಿನ ಕೋಣೆಯ ಬೀರು ಕೋಟುಗಳಿಂದಲೇ ತುಂಬಿತು. ಅವನ ಹೆಂಡತಿ ಅವನ್ನು ಸವತಿಯರು ಎಂದೇ ಕರೆಯುತ್ತಿದ್ದಳು. ಬಂದವರಿಗೆ, "ನಾನು ಮೂಲೆಯಲ್ಲಿ ಮಲಗಿದ್ರೂ ನಡೆಯುತ್ತೆ, ಸವತಿಯರಿಗೆ ಗಾಳಿ ಆಡಬೇಕು" ಎನ್ನುವಳು. ಆದರೂ ಅವನು ಡ್ಯೂಟಿಯಲ್ಲಿದ್ದಾಗ ಬಿಸಿಲು ಕಂಡರೆ ಬೀರುವಿನ ಬಾಗಿಲು ತೆಗೆದಿಡುವವಳೂ ಅವಳೇ.

ಇವೆಲ್ಲದರ ಪಟ್ಟದ ರಾಣಿ ಆ ಇಬ್ಬರ ಕೋಟು. ತಿಳಿ ಮಣ್ಣಿನ ಬಣ್ಣದ ಗ್ಯಾಬರ್ಡಿನ್, ಮೊಣಕಾಲು ದಾಟುವ ಉದ್ದ, ಬಲ ಎದೆಯ ಮೇಲೆ ಮಳೆ ಜಾರಲೆಂದು ಒಂದು ಹೆಚ್ಚಿನ ಪದರ. ಒಳಗೆ ಲಂಡನ್ ಎಂದು ನೇಯ್ದ ಪಟ್ಟಿ. ಜೇಬುಗಳ ಪಕ್ಕ ಒಂದೊಂದು ಸೀಳು. ಅದರಲ್ಲಿ ಕೈ ತೂರಿಸಿದರೆ ಕೋಟಿನ ಗುಂಡಿ ಬಿಚ್ಚದೆಯೇ ಒಳಗಿನ ಪ್ಯಾಂಟಿನ ಜೇಬು ಸಿಗುತ್ತದೆ. ಅದು ಬಜಾರಿನ ರಾಶಿಯಲ್ಲಿ ಕಂಡ ದಿನ ಒಂದು ತೋಳನ್ನು ಡ್ರೈವರ್ ಹಿಡಿದಿದ್ದ, ಇನ್ನೊಂದನ್ನು ಗುರುತಿಲ್ಲದ ಒಬ್ಬ ಮನುಷ್ಯ. ಇಬ್ಬರೂ ಬಿಡಲೊಲ್ಲರು. ಮಾರುವವನು ಬೇಸತ್ತು, ಅರ್ಧರ್ಧ ಕತ್ತರಿಸಿಕೊಡಲೇ ಎಂದ. ಆ ಮನುಷ್ಯನ ಮುಖ ತನ್ನ ಮಗುವನ್ನೇ ಕತ್ತರಿಸುವ ಮಾತಾಡಿದಂತೆ ಬಿಳಿಚಿತು. "ಕತ್ತರಿ ಎತ್ತಬೇಡ. ಒಂದು ವರ್ಷ ಅವನದು, ಒಂದು ವರ್ಷ ನನ್ನದು" ಎಂದ. ಅವನೇ ಟೈಲರ್. ಡ್ರೈವರನಿಗಿಂತ ನಾಲ್ಕಾರು ವರ್ಷ ದೊಡ್ಡವನು. ಆಗ ಇಬ್ಬರ ಎತ್ತರವೂ ಒಂದೇ, ಎದೆಯ ಸುತ್ತಳತೆಯೂ ಒಂದೇ. ಕೋಟಿನ ಜತೆ ಸಿಕ್ಕಿದ ಗೆಳೆತನ ಅಣ್ಣ ತಮ್ಮ, ಅತ್ತಿಗೆ ಭಾವ ಎನ್ನುವ ತನಕ ಬೆಳೆಯಿತು.

ಕೋಟು ಕೈ ಬದಲಾಗುವುದಕ್ಕೆ ಅವರದೇ ಒಂದು ಕ್ರಮ. ವರ್ಷದ ಮೊದಲ ಮಳೆ ಬಿದ್ದ ಕೂಡಲೇ ಸರದಿಯವನು ಇನ್ನೊಬ್ಬನ ಮನೆಗೆ ಬರಬೇಕು. ಇನ್ನೊಬ್ಬ ಅವನ ಬಿಳಿ ಅಂಗಿಯ ಮೇಲೆ, ಹೆಗಲಿಗೂ ಎರಡು ಪಕ್ಕೆಗೂ, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಿಂದ ಗೆರೆ ಎಳೆಯಬೇಕು. ಮೇಲೆ ಕೋಟು ತೊಟ್ಟು ಸೇತುವೆಯವರೆಗೆ ನಡೆದು ವಾಪಸು ಬಂದು ಬಿಚ್ಚಿದಾಗ ಗೆರೆ ಹಾಗೇ ಇದ್ದರೆ ಕೋಟು ಗೆದ್ದಿತು. ನೀಲಿ ಹರಡಿದ್ದರೆ ಎಲ್ಲೋ ಹೊಲಿಗೆ ಸೋರಿದೆ ಎಂದರ್ಥ. ಇಷ್ಟು ವರ್ಷದಲ್ಲಿ ಒಮ್ಮೆಯೂ ನೀಲಿ ಹರಡಿರಲಿಲ್ಲ.

ಡ್ರೈವರನಿಗೆ ಆ ಕೋಟಿನ ಬಗ್ಗೆ ಇನ್ನೊಂದು ಜಂಬವಿತ್ತು. ಡಿಪೋದಲ್ಲಿ ಅವನ ಹೊಟ್ಟೆಯ ಬಗ್ಗೆ ಯಾರಾದರೂ ಮಾತೆತ್ತಿದರೆ, ಕೊಂಡ ದಿನ ಹೇಗೆ ಕೂತಿತ್ತೋ ಇವತ್ತೂ ಹಾಗೇ ಕೂರುತ್ತದೆ, ನಾನು ದಪ್ಪಗಾಗಿಲ್ಲ ಎನ್ನುವುದಕ್ಕೆ ಆ ಕೋಟೇ ಸಾಕ್ಷಿ, ಇಂಗ್ಲಿಷರ ಬಟ್ಟೆ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ. ಹೆಂಡತಿ ಅವನ ಪ್ಯಾಂಟಿನ ಗುಂಡಿಗಳನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿಕೊಟ್ಟವಳು, ನಕ್ಕು ಸುಮ್ಮನಾಗುತ್ತಿದ್ದಳು.

ಈ ವರ್ಷ ಟೈಲರನ ಸರದಿ. ಬೇಸಗೆಯ ಮೊದಲಿಗೇ ಅವನಿಗೆ ಊಟ ಸೇರದಾಯಿತು. ಹೊಟ್ಟೆಯಲ್ಲಿ ಗಂಟಿದೆ, ಮೈಯಲ್ಲಿ ಕಸುವಿರುವಾಗಲೇ ತೆಗೆಸಿದರೆ ಉಳಿಯುತ್ತಾನೆ ಎಂದರು ಡಾಕ್ಟರು. ಟೈಲರ್ ತಲೆಯಾಡಿಸಿ ಎದ್ದು ಬಂದ. ಅವನ ಅಣ್ಣನಿಗೂ ಹೀಗೇ ಆಗಿತ್ತು. ಅಣ್ಣ ಆಪರೇಷನ್ ಮೇಜಿನ ಮೇಲಿಂದ ಏಳಲಿಲ್ಲ. ಟೈಲರನ ಲೆಕ್ಕದಲ್ಲಿ ತಪ್ಪು ಆದದ್ದು ಡಾಕ್ಟರರಿಂದಲ್ಲ. ಸವೆದು ಲಡ್ಡಾದ ಬಟ್ಟೆಗೆ ಕತ್ತರಿ ತಾಗಿಸಿದರೆ ಅದು ಗೆರೆಯ ಮೇಲೆ ತುಂಡಾಗುವುದಿಲ್ಲ, ಸಿಕ್ಕಸಿಕ್ಕಲ್ಲಿ ಹರಿಯುತ್ತದೆ. ಅಣ್ಣನ ಮೈ ಕರಗಿ ಲಡ್ಡಾಗಿತ್ತು. ತನ್ನ ಮೈ ಇನ್ನೂ ಗಟ್ಟಿಯಿದ್ದರೆ ಕತ್ತರಿಗೆ ಕೊಡುತ್ತೇನೆ, ಕರಗಿದ್ದರೆ ಮನೆಯಲ್ಲೇ ಇರುತ್ತೇನೆ ಎಂದು ಅವನು ಹಠ ಹಿಡಿದ. ಡಾಕ್ಟರು ಗಟ್ಟಿಯಿದೆ ಎಂದರೂ ನಂಬಲಿಲ್ಲ. ಗಿರಾಕಿಗೆ ಯಾರಾದರೂ ಬಟ್ಟೆ ಕೆಟ್ಟಿದೆ ಎನ್ನುತ್ತಾರೆಯೇ ಎಂದ.

ಆದರೆ ಗಟ್ಟಿಯೋ ಅಲ್ಲವೋ ತಿಳಿಯುವುದು ಹೇಗೆ? ಅವನ ಅಂಗಿಗಳು ಎಂದಿನಂತೆಯೇ ಮೈಗೆ ಕೂರುತ್ತಿದ್ದವು. ಹಾಗಿರುವುದೇ ಅವನಿಗೆ ಗುಮಾನಿ. ಒಂದು ಮಧ್ಯಾಹ್ನ ಡ್ರೈವರ್ ಅಂಗಡಿಗೆ ಹೋದಾಗ ಟೈಲರ್ ಹೊಲಿಗೆ ಮಿಷಿನ್ನಿನ ಮುಂದೆ ಕಾಲು ಆಡಿಸದೆ ಸುಮ್ಮನೆ ಕೂತಿದ್ದ.

"ಮನೇಲಿರೋ ಒಂದು ಬಟ್ಟೇನೂ ನಾನು ನಂಬಲ್ಲ ಕಣೋ" ಎಂದ. "ಹೆಂಡತಿ ಮಗಳು ಇಬ್ರಿಗೂ ಸೂಜಿ ಹಿಡಿಯೋದು ಕಲಿಸಿದವನು ನಾನೇ. ಅವರ ಕೈ ಸೇರದೆ ಇರೋ ಬಟ್ಟೆ ಅಂದ್ರೆ ನಿನ್ನ ಬೀರೂಲಿ ಇರೋದೊಂದೇ. ಮಳೆ ಬರಲಿ. ಕೋಟು ಹಾಕಿ ನೋಡ್ತೀನಿ. ಅದು ಏನು ಹೇಳುತ್ತೋ ಅದೇ."

ಡ್ರೈವರ್ ಆಗಲಿ ಎಂದ. ಅಂಗಡಿಯಿಂದ ಇಳಿದು ತಿರುವಿನವರೆಗೆ ಬಂದಾಗ ಅತ್ತಿಗೆ, ಟೈಲರನ ಹೆಂಡತಿ, ಗೋಡೆಯ ಪಕ್ಕ ಕಾದು ನಿಂತಿದ್ದಳು. ಗಂಡನ ಊಹೆ ಸರಿ, ಅಂಗಿಗಳನ್ನೆಲ್ಲ ಅವನು ಮಲಗಿದಾಗ ಪಕ್ಕೆಗಳಲ್ಲಿ ಒಳಗೆ ಮಡಚಿ ಹೊಲಿದು ಹಿಡಿಸಿದ್ದು ತಾವೇ ಎಂದು ಒಪ್ಪಿಕೊಂಡಳು. ಅಂಗಿ ಹಿಂದಿನಂತೆಯೇ ಕೂತರೆ ಅಷ್ಟಾದರೂ ಧೈರ್ಯ ಬರಲಿ ಎಂದು ಮಾಡಿದ್ದರು. ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಆ ಕೋಟೊಂದನ್ನು ಮಗಳ ಕೈಗೆ ಕೊಡು ಎಂದಳು.

"ಅತ್ತಿಗೆ, ನನ್ನ ಬೀರು ಒಂದನ್ನೇ ಅವನು ನಂಬಿರೋದು" ಎಂದ ಡ್ರೈವರ್.

"ಗೊತ್ತು. ಅದಕ್ಕೇ ಕೇಳ್ತಿರೋದು" ಎಂದಳು.

ಮಗಳು ಮರುದಿನವೇ ಬಂದಳು. ಅವಳನ್ನು ಎಲ್ಲರೂ ಸೂಜಿ ಎಂದು ಕರೆಯುತ್ತಿದ್ದರು. ಕೈಯೂ ಚೂಪು, ಬಾಯಿ ಅದಕ್ಕಿಂತ ಚೂಪು. ಅಪ್ಪನಿಗೆ, ಡ್ರೈವರ್ ಚಿಕ್ಕಪ್ಪನ ಮನೆಗೆ ಕರ್ಟನ್ ಹೊಲಿಯಬೇಕು ಎಂದು ಹೇಳಿ ಬಂದಿದ್ದಳು. ಡ್ರೈವರನ ಮನೆಯಲ್ಲಿ ಮಿಷಿನ್ ಇಲ್ಲ, ಅಂಗಡಿಯದನ್ನು ತರುವಂತಿಲ್ಲ. ಎಲ್ಲ ಕೈಹೊಲಿಗೆಯೇ ಆಗಬೇಕು. ಹಿಂದಕ್ಕೊಂದು ಮುಂದಕ್ಕೊಂದು ಹಾಕುತ್ತ, ಮಿಷಿನ್ನಿನದೆಂದೇ ಭ್ರಮೆ ಹುಟ್ಟಿಸುವ ಹೊಲಿಗೆ. ದಾರಕ್ಕೂ ಯೋಚನೆ ಮಾಡಿದ್ದಳು: ಹೊಸ ದಾರದ ಹೊಳಪು ಅಪ್ಪನ ಕಣ್ಣಿಗೆ ಬೀಳುತ್ತದೆಂದು, ಸತ್ತ ಕೋಟುಗಳಿಂದ ಬಿಡಿಸಿ ಡ್ರೈವರ್ ಕೂಡಿಟ್ಟಿದ್ದ ಹಳೆಯ ದಾರವನ್ನೇ ಹಾಕಿದಳು.

ಬಲಗಡೆ ಪಕ್ಕೆಯ ಹೊಲಿಗೆ ಬಿಚ್ಚಿ ಬೆಳಕಿಗೆ ಹಿಡಿದವಳು ಹಾಗೆಯೇ ನಿಂತಳು.

"ಚಿಕ್ಕಪ್ಪ, ಇಲ್ಲಿ ನೋಡಿ."

ಬಿಚ್ಚಿದ ಹೊಲಿಗೆಯ ಪಕ್ಕದಲ್ಲಿ, ಬಟ್ಟೆಯ ಹೊರಮೈಯಲ್ಲೇ, ಸೂಜಿಮೊನೆಯಷ್ಟು ಸಣ್ಣ ತೂತುಗಳ ಒಂದು ಸಾಲಿತ್ತು. ಅದರಾಚೆ ಇನ್ನೊಂದು ಸಾಲು. ಎರಡಕ್ಕೂ ಯಾರೋ ಜೇನುಮೇಣ ಉಜ್ಜಿ ನೀರಿಳಿಯದಂತೆ ಮುಚ್ಚಿದ್ದರು. ಕಡಿದ ಮರದಲ್ಲಿ ವರ್ಷಗಳ ಬಳೆ ಕಾಣುವ ಹಾಗೆ ಕಂಡವು. ಕೋಟು ಮೊದಲು ಇನ್ನೂ ಸಣ್ಣದಿತ್ತು. ಎರಡು ಸಲ ಬಿಚ್ಚಿ ಅಗಲ ಮಾಡಲಾಗಿತ್ತು.

"ಅಪ್ಪನ ಕೈ" ಎಂದಳು ಸೂಜಿ. ಆಮೇಲೆ ಡ್ರೈವರನ ಹೊಟ್ಟೆಯನ್ನೊಮ್ಮೆ ನೋಡಿದಳು.

ಡ್ರೈವರ್ ಮಂಚದ ಅಂಚಿಗೆ ಕೂತ. ಡಿಪೋದಲ್ಲಿ ಎದೆ ತಟ್ಟಿ ಹೇಳಿದ್ದೆಲ್ಲ ಒಂದೊಂದಾಗಿ ಕಿವಿಗೆ ಬಿತ್ತು. ತನ್ನ ಸರದಿ ಮುಗಿದು ಕೋಟು ಟೈಲರನ ಮನೆಗೆ ಹೋದಾಗ ಅವನು ಮೌನವಾಗಿ ಬಿಚ್ಚಿ ಹೊಲಿದಿದ್ದ. ಮುಂದಿನ ವರ್ಷ ತಾನು ತೊಟ್ಟಾಗ ಎಂದಿನ ಹಾಗೇ ಕೂರಲಿ ಎಂದು. ತನ್ನ ಸರದಿಯಲ್ಲಿ ಟೈಲರ್ ಆ ದೊಗಳೆ ಕೋಟನ್ನು ಬೆಲ್ಟಿನಿಂದ ಬಿಗಿದುಕೊಂಡು, ನೆರಿಗೆಗಳನ್ನು ಬೆನ್ನಿಗೆ ತಳ್ಳಿಕೊಂಡು ಓಡಾಡಿದ್ದ. ಒಂದು ಮಾತೂ ಆಡಿರಲಿಲ್ಲ.

"ನಿಮ್ಮ ಸಾಕ್ಷಿ ಸಿಕ್ಕಿತಲ್ಲ" ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ. ಆದರೆ ಅವಳ ದನಿಯಲ್ಲಿ ಗೇಲಿಯಿರಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಅವಸರದ್ದಾಯಿತು. ಸೂಜಿಗೆ ಅಪ್ಪನ ಈಗಿನ ಅಳತೆ ಗೊತ್ತಿತ್ತು. ಎಷ್ಟು ಹಿಡಿದರೆ ಹಿಂದಿನ ಸಲದಷ್ಟೇ ಸಡಿಲ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಚಾಕ್ ಎಳೆದಳು. ಒಳಗೆ ಸೇರಿದ ಬಟ್ಟೆ ಬೆರಳಿಗೆ ದಪ್ಪಗೆ ಸಿಗುತ್ತಿತ್ತು. ಅದಕ್ಕೇ ಜಗಳವಾಯಿತು. ಡ್ರೈವರ್ ಆ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸು ಎಂದ. ನಿಮ್ಮಪ್ಪನ ಬೆರಳು ಒಂದು ಸಲ ಸೋಕಿದರೆ ಸಾಕು, ಕಥೆ ಮುಗಿಯಿತು ಎಂದ.

"ಕತ್ತರಿಸಲ್ಲ."

"ಅವನಿಗೆ ಗೊತ್ತಾದ್ರೆ ಆಸ್ಪತ್ರೆ ಕಡೆ ತಲೇನೂ ಹಾಕಲ್ಲ, ತಿಳ್ಕೋ."

"ಗೊತ್ತು. ಆದ್ರೂ ಕತ್ತರಿಸಲ್ಲ." ಕತ್ತರಿಯನ್ನು ಎತ್ತಿ ತನ್ನ ಚೀಲಕ್ಕೇ ಹಾಕಿಕೊಂಡಳು. "ಮೊದಲು ಹೊಲಿದವರು ಹೀಗೆ ಒಳಗೆ ಬಟ್ಟೆ ಉಳಿಸಿದ್ದಕ್ಕೇ ತಾನೇ ಅಪ್ಪನಿಗೆ ನಿಮಗೋಸ್ಕರ ಬಿಚ್ಚೋಕಾಗಿದ್ದು? ಇದನ್ನೂ ಮುಂದೆ ಬಿಚ್ಚಬೇಕಾಗುತ್ತೆ."

ಡ್ರೈವರ್ ಬಾಯಿ ಮುಚ್ಚಿಕೊಂಡ. ಮುಚ್ಚಿಕೊಂಡನೇ ಹೊರತು ಒಪ್ಪಲಿಲ್ಲ. ಅಂದಿನಿಂದ ಬಸ್ಸು ಓಡಿಸುವಾಗಲೂ ಆ ದಪ್ಪ ಮಡಿಕೆ ತನ್ನ ಬೆರಳಿಗೇ ಸಿಕ್ಕಂತಾಗಿ, ಗೇರಿನ ಗುಂಡನ್ನು ಮತ್ತೆ ಮತ್ತೆ ಸವರುತ್ತಿದ್ದ.

ಮಳೆ ತಡೆಯಲಿಲ್ಲ. ಬೆಳಗಿನ ಪಾಳಿಯ ಕೊನೆಯ ಟ್ರಿಪ್ಪಿನಲ್ಲಿ ಗಾಜಿನ ಮೇಲೆ ಮೊದಲ ಹನಿ ಬಿತ್ತು, ರೂಪಾಯಿಯಷ್ಟಗಲದ ಹನಿ. ಡ್ರೈವರ್ ವೈಪರ್ ಹಾಕಲಿಲ್ಲ, ಹಾಕದಿದ್ದರೆ ಮಳೆ ಬಂದಿಲ್ಲವೆಂದಾಗುತ್ತದೆ ಎನ್ನುವ ಹಾಗೆ. ಪಕ್ಕದಲ್ಲಿ ನಿಂತವರು, ಏನ್ ಸ್ವಾಮಿ ಕಣ್ಣು ಮುಚ್ಚಿಕೊಂಡೇ ಓಡಿಸ್ತೀರಾ ಎಂದಾಗ ಸ್ವಿಚ್ಚೊತ್ತಿದ. ಡಿಪೋದಲ್ಲಿ ಬಸ್ಸು ಬಿಟ್ಟು ಮನೆಗೆ ಓಡಿದ. ಬೆಳಗ್ಗೆ ಹೆಗಲಿಗೆ ಹಾಕಿಕೊಂಡು ಬಂದಿದ್ದ ಮೇಣದ ಕೋಟು ಅಲ್ಲೇ ಸೀಟಿನ ಹಿಂದೆ ಉಳಿಯಿತು. ಎಷ್ಟೋ ವರ್ಷಗಳ ನಂತರ ಅವನು ಕೋಟಿಲ್ಲದೆ ನೆನೆದ.

ಒಳಕೋಣೆಯಲ್ಲಿ ಸೂಜಿ ಕಿಟಕಿಗೆ ಅಂಟಿಕೊಂಡು ಕೂತಿದ್ದಳು. ಬಲಗಡೆ ಮುಗಿದಿತ್ತು. ಎಡಗಡೆ ಕಂಕುಳಿನಿಂದ ಇಳಿದು ಕೊನೆಯಲ್ಲಿ ಇನ್ನೊಂದು ಗೇಣು ಬಾಕಿಯಿತ್ತು. ಅವಳು ತಲೆ ಎತ್ತಲಿಲ್ಲ. ಕೈಯ ಸೂಜಿ ಬಟ್ಟೆಯೊಳಗೆ ಹೋಗಿ ಹೊರಗೆ ಬರುವ ಸಣ್ಣ ಸದ್ದು, ಹೆಂಚಿನ ಮೇಲೆ ಮಳೆಯ ದೊಡ್ಡ ಸದ್ದು, ಎರಡೇ. ಅಷ್ಟರಲ್ಲಿ ಬೀದಿಬಾಗಿಲ ಚಿಲಕ ಬಡಿಯಿತು.

"ತಂಗೀ, ಇದೀರೇನಮ್ಮಾ ಮನೇಲಿ? ಮಳೆ ಬಂತು" ಎಂಬ ಟೈಲರನ ದನಿ.

ಡ್ರೈವರನ ಹೆಂಡತಿ ಒಂದು ಕ್ಷಣ ಗಂಡನ ಮುಖ ನೋಡಿ, ಸೆರಗು ಸಿಕ್ಕಿಸಿಕೊಂಡು ಹೊರಗೆ ಹೋದಳು. ಸೂಜಿ ಕೋಟನ್ನು ಡ್ರೈವರನ ಮಡಿಲಿಗೆ ಹಾಕಿ, ಪೋಣಿಸಿದ ಸೂಜಿಯನ್ನು ಅಲ್ಲೇ ಚುಚ್ಚಿ, ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಿಲ ಬಾಗಿಲಿಂದ ಮಳೆಗೆ ಇಳಿದಳು.

ಸ್ಟೀರಿಂಗ್ ಹಿಡಿದ ಕೈಗೆ ಸೂಜಿ ಸಿಗದು. ಸಿಕ್ಕರೆ ನಿಲ್ಲದು. ಡ್ರೈವರ್ ಒಂದು ಹೊಲಿಗೆ ಹಾಕಿದ, ಬೆರಳು ಚುಚ್ಚಿಕೊಂಡ. ರಕ್ತ ಬಟ್ಟೆಗೆ ತಾಗದಂತೆ ಬಾಯಿಗಿಟ್ಟು ಇನ್ನೊಂದು ಹಾಕಿದ. ಗೋಡೆಯಾಚೆಯ ಮಾತು ಒಂದೊಂದೂ ಕೇಳುತ್ತಿತ್ತು.

"ಸೂಜಿ ಬಂದಿರಲಿಲ್ವೇನಮ್ಮಾ ಇಲ್ಲಿಗೆ?"

"ಈಗಷ್ಟೇ ಹೋದ್ಲು ಭಾವ. ದಾರೀಲಿ ಸಿಗಲಿಲ್ವಾ?"

"ಇಲ್ಲ." ಕುರ್ಚಿ ಎಳೆದ ಸದ್ದು. "ಎಲ್ಲಿ, ಕರ್ಟನ್ ಕಾಣಿಸ್ತಿಲ್ಲ?"

ಡ್ರೈವರನ ಕೈ ನಿಂತಿತು.

"ಒಗೆಯೋಕೆ ಹಾಕಿದೀನಿ."

"ಹೊಸ ಕರ್ಟನ್ನಾ?"

"ನಿಮ್ಮ ತಮ್ಮ ಅದಕ್ಕೇ ಕೈ ಒರೆಸಿಕೊಂಡ್ರು. ಮೇಣದ ಕೈ. ಅವರ ಬುದ್ಧಿ ನಿಮಗೆ ಗೊತ್ತಲ್ಲ."

ಟೈಲರ್ ನಕ್ಕ, ನಗು ಕೆಮ್ಮಾಯಿತು. ಆ ಕೆಮ್ಮು ಮುಗಿಯುವುದರೊಳಗೆ ಡ್ರೈವರ್ ಕೊನೆಯ ಹೊಲಿಗೆ ಹಾಕಿ, ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದ. ಬೀರುವಿನ ಬಾಗಿಲನ್ನು ಬೇಕೆಂದೇ ದಡಾರನೆ ಹಾಕಿ, ಈಗ ತಾನೇ ತೆಗೆದವನಂತೆ ಕೋಟು ಹಿಡಿದು ಹೊರಗೆ ಬಂದ.

ಟೈಲರ್ ಎದ್ದು ನಿಂತ. ಎರಡೂ ಕೈ ಅಗಲಿಸಿದ. ಡ್ರೈವರ್ ಚಾಕ್ ತೆಗೆದುಕೊಂಡು ಹೆಗಲಿನಿಂದ ಗೆರೆ ಎಳೆದ. ಪಕ್ಕೆಗೆ ಇಳಿಸಿದಾಗ ಚಾಕ್ ನೇರ ಹೋಗಲಿಲ್ಲ. ಪ್ರತಿ ಎಲುಬಿನ ಮೇಲೆ ಏರಿ, ನಡುವೆ ಇಳಿದು, ಮತ್ತೆ ಏರಿತು. ಹಿಂದೆ ಎಂದೂ ಹಾಗಾಗಿರಲಿಲ್ಲ. ಅವನು ಮುಖ ತಗ್ಗಿಸಿಯೇ ಇದ್ದ.

ಕೋಟು ಏರಿತು. ಟೈಲರ್ ಒಳಕೋಣೆಗೆ ಹೋಗಿ ಬೀರುವಿನ ಕನ್ನಡಿಯ ಮುಂದೆ ನಿಂತ; ಗಂಡ ಹೆಂಡತಿ ಹಿಂದೆಯೇ ಬಂದರು. ಭುಜಕ್ಕೆ ಕೋಟು ಹಿಂದಿನಂತೆಯೇ ಕೂತಿತ್ತು. ಪಕ್ಕೆಯಲ್ಲಿ ಎಷ್ಟು ಸಡಿಲವಿರಬೇಕೋ ಅಷ್ಟೇ. ಅವನು ಬಲಕ್ಕೆ ತಿರುಗಿದ, ಎಡಕ್ಕೆ ತಿರುಗಿದ. ಮುಖದ ಮೇಲೆ ಬಹಳ ದಿನಗಳಿಂದ ಕಾಣದಿದ್ದ ಒಂದು ಬೆಳಕು ನಿಧಾನವಾಗಿ ಹತ್ತಿತು. ಡ್ರೈವರನ ಹೆಂಡತಿ ಉಸಿರು ಬಿಟ್ಟಳು.

"ಬೆಲ್ಟು ಕೊಡು" ಎಂದ ಟೈಲರ್.

ಡಬ್ಬಿಯಿಂದ ಸುರುಳಿ ಬಿಚ್ಚಿ ಕೊಡುವಾಗಲೂ ಡ್ರೈವರನಿಗೆ ಹೊಳೆಯಲಿಲ್ಲ. ಬೆಲ್ಟು ಪಟ್ಟಿಗಳಲ್ಲಿ ತೂರಿತು. ಟೈಲರನ ಹೆಬ್ಬೆರಳು ನೋಡದೆಯೇ ತನ್ನ ಗುರುತನ್ನು ಹುಡುಕಿತು. ಆ ಬೆಲ್ಟಿನ ಮೇಲೆ ಎರಡು ಕಡೆ ಬಕಲ್ಲು ಕೂತು ಕೂತು ಬಟ್ಟೆ ಸವೆದು ಬಿಳಿಚಿತ್ತು: ತುದಿಯ ಹತ್ತಿರದ್ದು ಡ್ರೈವರನದು, ಅದರಿಂದ ಒಳಗಿನದು ಟೈಲರನದು. ತನ್ನ ಬಿಳಿಚಿದ ಜಾಗಕ್ಕೆ ಬಕಲ್ಲು ಹಾಕಿ ಅವನು ಕೈಬಿಟ್ಟ.

ಬೆಲ್ಟು ಜಾರಿ ಸೊಂಟದ ಕೆಳಗೆ ಜೋತುಬಿತ್ತು.

ಕೋಟನ್ನು ಹಿಡಿಸಿದ್ದರು, ಬೆಲ್ಟನ್ನು ಯಾರೂ ನೆನಪಿಸಿಕೊಂಡಿರಲಿಲ್ಲ. ಸೂಜಿ ಅದನ್ನು ನೋಡಿಯೂ ಇರಲಿಲ್ಲ. ಅಷ್ಟು ಜೋಪಾನವಾಗಿ ಸುರುಳಿ ಸುತ್ತಿ, ಬೇರೆ ಡಬ್ಬಿ ಹುಡುಕಿ, ತನ್ನ ಕೈಯಾರೆ ಇಟ್ಟವನು ಡ್ರೈವರನೇ.

ಟೈಲರ್ ಕನ್ನಡಿಯಲ್ಲಿ ಆ ಜೋತ ಬೆಲ್ಟನ್ನು ನೋಡಿದ. ಹಿಂದೆ ನಿಂತ ಇಬ್ಬರ ಮುಖವನ್ನೂ ಕನ್ನಡಿಯಲ್ಲೇ ನೋಡಿದ. ಬೆಳಕು ಆರಿತು. ಅವನು ಬಕಲ್ಲನ್ನು ಮುಂದಿನ ತೂತಿಗೆ ಎಳೆಯಲಿಲ್ಲ, ಬಿಚ್ಚಲೂ ಇಲ್ಲ.

"ನಡಿ. ಸೇತುವೆಗೆ ಹೋಗೋಣ" ಎಂದ.

ಮಳೆ ಸರಿಯಾಗಿ ಹಿಡಿದಿತ್ತು. ಟೈಲರ್ ಮುಂದೆ, ಕೊಡೆ ಹಿಡಿದು ಡ್ರೈವರ್ ಹಿಂದೆ. ಅಂಗಡಿಗಳ ಸೂರಿನಡಿ ನಿಂತವರು, ಏನ್ ಟೈಲರ್, ಈ ವರ್ಷದ ಮೆರವಣಿಗೆ ಹೊರಟಿತಾ ಎಂದು ಕೂಗಿದರು. ಟೈಲರ್ ಕೈಯೆತ್ತಿದ, ನಿಲ್ಲಲಿಲ್ಲ. ಡ್ರೈವರನಿಗೆ ಗೆಳೆಯನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನಿನ ಕೆಳಗೆ ಪ್ರತಿ ಹೆಜ್ಜೆಗೂ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗುವ ಬೆಲ್ಟು. ಹೇಳಿಬಿಡಲೇ ಎನಿಸಿತು. ಏನೆಂದು ಹೇಳುವುದು? ಅತ್ತಿಗೆಗೆ ಏನೆಂದು ಹೇಳುವುದು?

ದಾರಿಯ ನಡುವೆ ಟೈಲರ್ ಬಲಗೈಯನ್ನು ಜೇಬಿನ ಪಕ್ಕದ ಸೀಳಿಗೆ ಹಾಕಿದ. ಕೈ ಅಲ್ಲಿ ನಿಲ್ಲಲಿಲ್ಲ. ಕೋಟಿನೊಳಗೆ ಅದು ಪಕ್ಕೆಯ ಹೊಲಿಗೆಯ ಉದ್ದಕ್ಕೂ ಏರುವುದು, ಬಟ್ಟೆಯಡಿ ಇಲಿ ಸರಿದಂತೆ, ಹಿಂದಿನಿಂದಲೂ ಕಂಡಿತು. ಒಂದು ಕಡೆ ನಿಂತು, ಏನನ್ನೋ ಹಿಡಿದು, ಹೆಬ್ಬೆರಳಿನಿಂದ ಅಳೆಯಿತು. ಸೇತುವೆ ಬರುವವರೆಗೂ ಆ ಕೈ ಹೊರಗೆ ಬರಲಿಲ್ಲ.

ಸೇತುವೆಯ ಕಟ್ಟೆಗೆ ಒರಗಿ ಇಬ್ಬರೂ ನೀರು ನೋಡಿದರು. ಕೆಂಪು ನೀರು ಸೊಕ್ಕಿ ಹರಿಯುತ್ತಿತ್ತು.

"ಸೂಜಿ ಕೈಯಾ?" ಎಂದ ಟೈಲರ್.

"ಹೌದಣ್ಣ."

"ನಿನ್ನ ಬೀರು ಒಂದನ್ನೇ ನಂಬ್ತೀನಿ ಅಂದಿದ್ದೆ."

ಕ್ಷಮೆ ಕೇಳಬೇಕೆಂದು ಬಾಯಿ ತೆರೆದ ಡ್ರೈವರನಿಗೆ ಬಂದದ್ದು ಬೇರೆಯೇ ಮಾತು. "ಆ ಎರಡು ಸಾಲು ತೂತು ನಾನೂ ನೋಡಿದೆ."

ಟೈಲರ್ ತಿರುಗಿ ನೋಡಿದ. ಸಿಕ್ಕಿಬಿದ್ದವನ ಹಾಗೆ ಮೂಗು ಉಜ್ಜಿಕೊಂಡ. "ಮೇಣ ಹಾಕಿ ಮುಚ್ಚಿದ್ನಲ್ಲ."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಹಾಕ್ಕೋತಿರಲಿಲ್ಲ. ನಾಚಿಕೊಂಡು ಮೂಲೇಲಿ ಇಡ್ತಿದ್ದೆ." ಎಡಗೈಯಿಂದ ಕಟ್ಟೆಯ ಮೇಲಿನ ನೀರು ಒರೆಸುತ್ತ, "ಈ ಕೋಟಿಗೆ ಸುಳ್ಳು ಹೇಳೋದು ಮೊದಲು ಕಲಿಸಿದ್ದು ನಾನೇ. ಈಗ ನನಗೇ ಹೇಳ್ತು ಅಂತ ಯಾರನ್ನ ಬೈಯಲಿ" ಎಂದ.

ಮಳೆ ಅವನ ಎದೆಯ ಮೇಲಿನ ಪದರದಿಂದ ಜಾರಿ, ಜೋತ ಬೆಲ್ಟಿನ ಮೇಲೆ ಕೂಡಿ, ಬಕಲ್ಲಿನಿಂದ ದಾರದಂತೆ ಇಳಿಯುತ್ತಿತ್ತು. ಕೈ ಇನ್ನೂ ಒಳಗೇ ಇತ್ತು.

"ಬಟ್ಟೆ ಕತ್ತರಿಸಿಲ್ಲ" ಎಂದ.

"ಕತ್ತರಿಸು ಅಂತ ನಾನು ಜಗಳಾನೇ ಮಾಡಿದೆ. ಕೇಳಲಿಲ್ಲ. ಕತ್ತರಿ ಬಚ್ಚಿಟ್ಕೊಂಡ್ಲು."

"ಯಾಕಂತೆ?"

"ಮುಂದೆ ಬಿಚ್ಚಬೇಕಾಗುತ್ತೆ ಅಂದ್ಲು."

ಒಂದು ಲಾರಿ ಸೇತುವೆಯನ್ನು ನಡುಗಿಸಿಕೊಂಡು ಹೋಯಿತು. ಟೈಲರನ ಕೈ ಕೋಟಿನೊಳಗೆ ಆ ಮಡಿಕೆಯನ್ನು ಮತ್ತೊಮ್ಮೆ, ಕೆಳಗಿನಿಂದ ಮೇಲಿನವರೆಗೆ, ಅವಸರವಿಲ್ಲದೆ ಸವರಿತು. ಹೊಸ ಗಿರಾಕಿಯ ಬಟ್ಟೆಯನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಅವನು ಹೀಗೇ ಸವರುತ್ತಿದ್ದುದು ಡ್ರೈವರನಿಗೆ ಗೊತ್ತಿತ್ತು. ಲಡ್ಡೋ ಗಟ್ಟಿಯೋ ಎಂದು ನೋಡುವ ಸವರಿಕೆ.

"ಹೋಗೋನಿಗೆ ಅಂತ ಹೊಲಿಯುವಾಗ ಯಾರೂ ಒಳಗೆ ಬಟ್ಟೆ ಬಿಡಲ್ಲ ಕಣೋ" ಎಂದ ಕೊನೆಗೆ. "ನನ್ನ ಮೈ ಎಷ್ಟು ಕರಗಿದೆ ಅಂತ ಗೊತ್ತಿದ್ದೂ ಅವಳು ಬಟ್ಟೆ ಬಿಟ್ಟಿದಾಳೆ."

ವಾಪಸು ಬರುವಾಗ ಟೈಲರ್ ಕೊಡೆಯ ಪಕ್ಕದಲ್ಲಿ, ಡ್ರೈವರನ ಜತೆಗೇ ನಡೆದ. ಮುಂದಿನ ವರ್ಷ ನಿನ್ನ ಸರದಿ ಎಂದ. ಈಗಿರುವ ಅಳತೆಯಲ್ಲಿ ಈ ಕೋಟು ನಿನ್ನ ಒಂದು ತೊಡೆಗೂ ಆಗುವುದಿಲ್ಲ ಎಂದ. ಬಿಚ್ಚಿದರೆ ಮೂರು ಸಾಲು ತೂತಿಗೆ ಮೇಣ ತುಂಬಬೇಕು, ಅದು ಸೂಜಿಗೆ ಇನ್ನೂ ಬಾರದು, ತೋರಿಸಿಕೊಡಬೇಕು ಎಂದ. ಡ್ರೈವರ್ ಹೂಂ ಹೂಂ ಎನ್ನುತ್ತ ನಡೆದ. ಕೊಡೆಯನ್ನು ಪೂರ್ತಿ ಗೆಳೆಯನ ಕಡೆಗೇ ವಾಲಿಸಿದ್ದ. ಕೋಟು ಹಾಕಿದವನಿಗೆ ಕೊಡೆ ಬೇಡ ಎಂಬುದು ಅವನಿಗೆ ಮರೆತಿತ್ತು.

ಮನೆಯಲ್ಲಿ ಸೂಜಿ ಬೀದಿಬಾಗಿಲಿಂದಲೇ, ಈಗ ತಾನೇ ಬಂದವಳ ಹಾಗೆ, ಜಗುಲಿಯ ಮೇಲೆ ಕೂತಿದ್ದಳು. ತಲೆಯಿಂದ ನೀರಿಳಿಯುತ್ತಿತ್ತು. ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ ಅಂಗುಸ್ತಾನ ತೆಗೆಯುವುದನ್ನು ಮರೆತಿದ್ದಳು. ಟೈಲರ್ ಆ ಬೆರಳನ್ನು ನೋಡಿದ. ಹತ್ತಿರ ಹೋಗಿ, ಅಂಗುಸ್ತಾನ ಬಿಡಿಸಿ ಕೋಟಿನ ಜೇಬಿಗೆ ಹಾಕಿಕೊಂಡ. ಅವಳು ಅಪ್ಪನ ಮುಖ ನೋಡಿದಳು, ಜೋತ ಬೆಲ್ಟು ನೋಡಿದಳು, ಎದ್ದು ನಿಂತಳು.

ಡ್ರೈವರನ ಹೆಂಡತಿ ದೀಪ ಹಾಕಿದಳು. ಕೋಟು ಬಿಚ್ಚಿ ಅಂಗಿಯನ್ನು ಬೆಳಕಿಗೆ ತಿರುಗಿಸಿದರು. ಹೆಗಲಿನ ಗೆರೆ ಹಾಗೇ ಇತ್ತು. ಬಲಪಕ್ಕೆಯದು, ಎಲುಬುಗಳ ಮೇಲೆ ಏರಿಳಿದದ್ದು, ಎಳೆದಂತೆಯೇ ಇತ್ತು. ಎಡಪಕ್ಕೆಯಲ್ಲಿ ಕೆಳಗೆ, ಕೊನೆಯ ಗೇಣಿನಲ್ಲಿ, ನೀಲಿ ಹರಡಿ ಅಂಗಿಗೆ ಮಸಿ ಚೆಲ್ಲಿದಂತಾಗಿತ್ತು.

ಟೈಲರ್ ಕೋಟಿನ ಆ ಜಾಗವನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದ. ಮುಖ ಗಂಟಿಕ್ಕಿತು.

"ಇದು ಯಾರ ಕೈ?"

ಡ್ರೈವರ್ ಚುಚ್ಚಿದ ಬೆರಳನ್ನು ಅಂಗೈಯಲ್ಲಿ ಮುಚ್ಚಿಕೊಂಡ.

"ಸೂಜಿ ಹಿಡಿದ ಕೈಯಲ್ಲ ಇದು, ಗುಂಡಿ ರಸ್ತೇಲಿ ಬಸ್ಸು ಓಡಿಸಿದ ಕೈ" ಎಂದ ಟೈಲರ್. ಕೋಟನ್ನು ಮಗಳ ತೋಳಿನ ಮೇಲೆ ಹಾಕಿದ. "ಇದನ್ನ ಯಾರೂ ಮುಟ್ಟಬೇಡಿ. ಹೀಗೇ ಇರಲಿ. ನಾಳೆ ಆಸ್ಪತ್ರೆಗೆ ಹೋಗಿ ಆಪರೇಷನ್ನಿಗೆ ದಿನ ಗೊತ್ತು ಮಾಡ್ಕೊಂಡು ಬರೋಣ. ಅದು ಮುಗಿಸಿ ಮನೆಗೆ ಬಂದ ಮೇಲೆ ಈ ಗೇಣು ನಾನೇ ಬಿಚ್ಚಿ ಹೊಲೀತೀನಿ."